ಅವ್ವ ದೃಷ್ಟಿ ತೆಗೆದ ದಿನ

ಉಪ್ಪು, ಮೆಣಸಿನಕಾಯಿಯನ್ನು ನನ್ನ ಹಸುಗೂಸಿಗೆ ನೀವಾಳಿಸಿದ ಅವ್ವ, ಮುಷ್ಟಿಯನ್ನು ಬಾಯಿಯ ಹತ್ತಿರ ತಂದು ‘ಥೂ’ ಎಂದಳು. ಒಂದು ಹನಿ ಉಗುಳೂ ಬರಲಿಲ್ಲ. ಮತ್ತೆ ‘ಥೂ’ ಎಂದಳು. ಬರೀ ಉಸಿರು ಬಂತು.

ದವಡೆಯ ಗಡ್ಡೆಗೆ ಮೈಸೂರಿನ ಆಸ್ಪತ್ರೆಯಲ್ಲಿ ರೇಡಿಯಂ ಚಿಕಿತ್ಸೆ ಮಾಡಿಸಿ ಅವಳನ್ನು ನಂಜನಗೂಡಿಗೆ ಕರೆತಂದಿದ್ದೆ. ‘ಬಾಯಿ ಒಣಗುತ್ತದೆಯೇ?’ ಎಂದು ಡಾಕ್ಟರು ಕೇಳಿದಾಗಲೆಲ್ಲ ‘ಇಲ್ಲ ಸ್ವಾಮಿ’ ಎನ್ನುತ್ತಿದ್ದಳು. ಮುದ್ದೆಗೆ ಸಾರು ಹೆಚ್ಚು ಕೇಳಿದರೆ, ನಾಲಿಗೆಗೆ ರುಚಿ ಮರಳಿತೆಂದು ನಾವು ಹಿಗ್ಗುತ್ತಿದ್ದೆವು.

‘ಯಾಕವ್ವಾ ಯೇಳ್ನಿಲ್ಲ?’ ಎಂದೆ.

‘ಗೆಡ್ಡೆ ಕರಗೋಯ್ತಲ್ಲ, ಇನ್ನೇನು ಯೇಳಾದು? ಮಗೀಗೆ ದಿಷ್ಟಿ ಆಗೈತೆ, ನೀನೇ ಉಗಿ ಕಣಪ್ಪ’ ಎಂದು ಮುಷ್ಟಿ ಬಿಚ್ಚಿ ನನ್ನೆದುರು ಹಿಡಿದಳು.

ಹೆತ್ತವ್ವನ ಅಂಗೈಗೆ ಉಗಿದೆ. ಅವಳು ಅದನ್ನು ಒಲೆಗೆ ಹಾಕಿದಳು, ಉಪ್ಪು ಚಟಪಟ ಸಿಡಿಯಿತು. ಮುಂದಿನ ಸಲ ಡಾಕ್ಟರು ಅದೇ ಮಾತು ಕೇಳಿದಾಗ, ಅವ್ವ ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟೆ.