ಕುಮ್ಮಿ ಸುತ್ತಿನಿಂದ ಹೊರಬಂದ ಟೀಚರಕ್ಕ

ತಮಿಳು ಸೀಮೆಯ ವಳ್ಳಿ ಕುಮ್ಮಿ ಕುಣಿತದಲ್ಲಿ ಕಲಿಸುವವರು ನಿಲ್ಲುವ ಜಾಗ ಒಂದೇ. ಹೆಂಗಸರು ಸುತ್ತು ಕಟ್ಟಿಕೊಂಡು ಕೈ ತಟ್ಟುತ್ತ ಕುಣಿಯುತ್ತಾರೆ. ಟೀಚರ್ ಆದವರು ಸುತ್ತಿನ ಮಧ್ಯದಲ್ಲಿ ಮೈಕು ಹಿಡಿದು ನಿಂತು ವಳ್ಳಿ ಮುರುಗನ ಕಥೆಯನ್ನು ಹಾಡುತ್ತಾರೆ. ಹೆಜ್ಜೆ ಬದಲಾಗಬೇಕಾದರೆ ಅಲ್ಲಿಂದ ಒಂದು ಕೂಗು. ವೇಗ ಏರಬೇಕಾದರೂ ಅಲ್ಲಿಂದಲೇ. ಕುಣಿಯುವವರು ತಮ್ಮ ಕಾಲು ನೋಡಿಕೊಳ್ಳುವುದಿಲ್ಲ, ಟೀಚರ್ ಮುಖ ನೋಡುತ್ತಾರೆ. ಅನ್ನೂರಿನಿಂದ ಅವಿನಾಶಿಗೆ ಹೋಗುವ ರಸ್ತೆಯ ಬದಿಯ ಹಳ್ಳಿಯೊಂದರ ಗೋಕಿಲಾ ಆ ಜಾಗದಲ್ಲಿ ವರ್ಷಗಟ್ಟಲೆ ನಿಂತವಳು.

ವಾರವೆಲ್ಲ ಅವಳು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕ್ಕಿಂಗ್ ಕೆಲಸ ಮಾಡುತ್ತಾಳೆ. ಹೊಲಿದು ಬಂದ ಟೀ ಶರ್ಟನ್ನು ಮೇಜಿನ ಮೇಲೆ ಹರಡಿ ತೂತು, ಎಣ್ಣೆಕಲೆ, ಬಿಟ್ಟುಹೋದ ಹೊಲಿಗೆ ಹುಡುಕುವುದು ಅವಳ ಕೆಲಸ. ಬೆಳಿಗ್ಗೆ ಕಂಪನಿಯ ವ್ಯಾನು ಬಂದು ಕರೆದುಕೊಂಡು ಹೋಗುತ್ತದೆ, ಸಂಜೆ ತಂದು ಬಿಡುತ್ತದೆ. ಭಾನುವಾರ ಮಾತ್ರ ಅವಳು ಟೀಚರಕ್ಕ. ಮಾರಿಯಮ್ಮನ ಗುಡಿಯ ಪಕ್ಕದ ಬಯಲಿನಲ್ಲಿ ಮೂವತ್ತಕ್ಕೂ ಹೆಚ್ಚು ಹೆಂಗಸರು ಅವಳಿಗಾಗಿ ಕಾಯುತ್ತಾರೆ. ಹೆಚ್ಚಿನವರು ಅದೇ ವ್ಯಾನಿನಲ್ಲಿ ಹೋಗಿಬರುವವರು, ಉಳಿದವರು ಹೊಲಗೆಲಸದವರು. ಕಲಿಸುವುದು ತಮಿಳಿನಲ್ಲಿ, ಹಾಡುವುದೂ ತಮಿಳಿನಲ್ಲಿ. ಕನ್ನಡವಿರುವುದು ಮನೆಯೊಳಗೆ, ಅತ್ತೆ ರಾಮಾತಾಳ್ ಜೊತೆ. ಆ ಅತ್ತೆಯೂ ತಂಡದಲ್ಲಿದ್ದಾಳೆ. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಬಾಯಿಯಲ್ಲೂ.

ಮೋಹನ್‌ರಾಜ್ ಎಂಬ ತಿರುಪ್ಪೂರಿನ ಹುಡುಗ ತನ್ನ ಬ್ಯಾಂಡಿನೊಂದಿಗೆ 'ಎಟ್ಟುಮಣಿ ಸಂಗು' ಎಂಬ ಆಲ್ಬಂ ಮಾಡಿದ್ದ. ಸಂಗು ಎಂದರೆ ಆ ಕಡೆ ಗಿರಣಿಯ ಸೈರನ್. ಬೆಳಗಿನ ಎಂಟರ ಸೈರನ್ನಿನಿಂದ ಶುರುವಾಗಿ ಕಂಪನಿ ಕೆಲಸಗಾರಳೊಬ್ಬಳ ಒಂದು ದಿನವನ್ನು ಹೇಳುವ ಹಾಡುಗಳು ಅವು. ಆಲ್ಬಂ ಬಂದ ವರ್ಷ ಟೌನ್ ಬಸ್ಸುಗಳಲ್ಲಿ, ಟೀ ಅಂಗಡಿಗಳಲ್ಲಿ, ಮೊಬೈಲುಗಳಲ್ಲಿ ಬೇರೆ ಹಾಡೇ ಇರಲಿಲ್ಲ. ಒಂದು ಹಾಡಿನ ಹಿನ್ನೆಲೆಯಲ್ಲಿ ಬರುವ ಕೈತಟ್ಟು ಗೋಕಿಲಾಳ ತಂಡದ್ದು. ಗುಡಿಯ ಹಬ್ಬವೊಂದರಲ್ಲಿ ಮೋಹನ್‌ರಾಜ್ ಅದನ್ನು ರೆಕಾರ್ಡ್ ಮಾಡಿಕೊಂಡು ಹೋಗಿದ್ದ. ಆ ಪರಿಚಯವೇ ಮುಂದಿನದಕ್ಕೆ ದಾರಿಯಾಯಿತು. ಒಂದು ಭಾನುವಾರ ಅವನು ಬಯಲಿಗೇ ಬಂದು ಕೇಳಿದ.

"ಅಕ್ಕಾ, ಇಡೀ ಆಲ್ಬಂ ಸ್ಟೇಜಿಗೆ ತರ್ಬೇಕು. ಮಾತೇ ಇರಲ್ಲ. ಕಥೆಯೆಲ್ಲ ಕುಣಿತದಲ್ಲೇ. ನೀವೇ ಕಟ್ಟಿಕೊಡಿ."

"ಕಾಲೇಜ್ ಹುಡುಗೀರು ಇದಾರಲ್ಲ ತಂಬಿ, ಡ್ಯಾನ್ಸ್ ಕಲ್ತವರು?"

"ಅವರು ಮಷಿನ್ ಮುಂದೆ ಕೂತವರಲ್ಲ ಅಕ್ಕಾ."

ಗೋಕಿಲಾ ಒಪ್ಪಿಕೊಂಡಳು. ಒಂದೇ ಷರತ್ತು ಹಾಕಿದಳು: ಎಲ್ಲ ಹಾಡಿಗೂ ತನ್ನ ಹೆಂಗಸರೇ ಇರಬೇಕು.

ಕಿವಿಗೆಂದು ಮಾಡಿದ ಹಾಡನ್ನು ಕಣ್ಣಿಗೆ ತರುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಅಷ್ಟು ಜನ ಸ್ಟೇಜಿಗೆ ಬಂದು ನಿಲ್ಲುವಷ್ಟರಲ್ಲಿ ಹಾಡು ಅರ್ಧ ಮುಗಿದಿರುತ್ತಿತ್ತು. ಮೋಹನ್‌ರಾಜ್ ಹಾಡು ಹಾಡಿನ ನಡುವೆ ತಮಟೆ ಸೇರಿಸಿ ಸಮಯ ಮಾಡಿಕೊಟ್ಟ. ಸಂಬಳದ ಶನಿವಾರದ ಹಾಡು ಆಲ್ಬಂನಲ್ಲಿ ನಡುವೆಯೇ ಬರುತ್ತಿತ್ತು. ಕುಣಿತದಲ್ಲಿ ಅದು ಕೊನೆಗೆ ಬಂದರೇ ಚೆಂದ ಎಂದು ಗೋಕಿಲಾ ಹಟ ಹಿಡಿದಳು, ಅವನು ಬದಲಿಸಿದ. ಅತಿ ಕಷ್ಟವಾದದ್ದು ಕೊನೆಯ ಬಸ್ಸಿನ ಹಾಡು. ನಿಧಾನದ ಹಾಡು, ಒಂಟಿ ದನಿ. ಒಬ್ಬಳ ಆಯಾಸವನ್ನು ಇಷ್ಟು ಜನ ಕುಣಿಯುವುದು ಹೇಗೆ? ಗೋಕಿಲಾ ಎರಡು ವಾರ ಕಿಕ್ಕಿರಿದ ವ್ಯಾನಿನಲ್ಲಿ ಎಲ್ಲರೂ ಹೇಗೆ ನಿಲ್ಲುತ್ತಾರೆ ಎಂದು ನೋಡಿದಳು. ಆಮೇಲೆ ಹೆಂಗಸರನ್ನು ಎರಡು ಸಾಲು ನಿಲ್ಲಿಸಿ ಇಲ್ಲದ ಕಂಬಿ ಹಿಡಿಸಿದಳು. ತಿರುವು ಬಂದಾಗ ಸಾಲು ಎಡಕ್ಕೆ ವಾಲಬೇಕು, ಬ್ರೇಕು ಬಿದ್ದಾಗ ಮುಂದಕ್ಕೆ. ಸಾಲುಗಳ ನಡುವೆ ಒಬ್ಬಳು ನಿಂತೇ ನಿದ್ದೆ ಹೋಗುತ್ತಾಳೆ. ಆ ಒಬ್ಬಳೇ ಕಥೆಯ ಹುಡುಗಿ. ಆ ಒಂದು ಪಾತ್ರಕ್ಕೆ ಮಾತ್ರ ಹೊರಗಿನಿಂದ, ಕೊಯಮತ್ತೂರಿನಿಂದ, ಅಭಿನಯಾ ಎಂಬ ನೃತ್ಯಗಾತಿ ಬಂದಿದ್ದಳು.

ತೊಡಕು ಹುಟ್ಟಿದ್ದೂ ಅಲ್ಲೇ. ಕಥೆಯ ಹುಡುಗಿ ನಿಲ್ಲಬೇಕಾದದ್ದು ಮಧ್ಯದಲ್ಲಿ. ಮಧ್ಯದಲ್ಲಿ ಆಗಲೇ ಗೋಕಿಲಾ ಇದ್ದಳು.

ಸ್ಟೇಜಿನ ಹೊಣೆ ಹೊತ್ತಿದ್ದ ಇಳಂಗೋ ಮೆತ್ತಗೆ ಹೇಳಿದ. "ಅಮ್ಮಾ, ನೀವು ಒಳಗೆ ನಿಂತ್ರೆ ನೋಡೋರ್ಗೆ ಕಥೆ ನಿಮ್ದೋ ಆ ಹುಡುಗೀದೋ ಗೊತ್ತಾಗಲ್ಲ."

"ಟೀಚರ್ ಇಲ್ಲದೆ ಕುಮ್ಮಿ ಎಲ್ಲಾದ್ರೂ ನೋಡಿದೀರಾ ಸಾರ್?"

"ಇಲ್ಲ. ಇದೇ ಮೊದಲು ನೋಡ್ತೀವಿ ಅಂತಿಟ್ಕೊಳ್ಳಿ."

ಅವಳಿಗೆ ಒಳಗೊಳಗೇ ಚುಚ್ಚಿತು. ಆದರೂ ಒಂದು ದಾರಿ ಕಂಡುಕೊಂಡಳು: ಮೈಕು ಹಿಡಿದು ಪರದೆಯ ಪಕ್ಕ ನಿಲ್ಲುವುದು, ಅಲ್ಲಿಂದಲೇ ಕೂಗುವುದು.

ಆಡಿ, ಅಂದರೆ ತಮಿಳರ ಆಷಾಢದಲ್ಲಿ, ಮದುವೆಗಳಿಲ್ಲದ್ದರಿಂದ ಅನ್ನೂರಿನ ಕಲ್ಯಾಣ ಮಂಟಪ ಖಾಲಿ ಸಿಕ್ಕಿತು. ಅಲ್ಲಿ ಪರಿಚಿತರನ್ನು ಕರೆದು ಒಂದು ಪ್ರಯೋಗ ನಡೆಸಿದರು. ಸೈರನ್ನಿನ ಹಾಡು ಶುರುವಾಯಿತು, ಎಡಗಡೆ ಪರದೆಯ ಪಕ್ಕದಿಂದ ಗೋಕಿಲಾ ಮೊದಲ ಕೂಗು ಹಾಕಿದಳು. ಕುಣಿಯುತ್ತಿದ್ದ ಅಷ್ಟೂ ಕತ್ತುಗಳು ಒಟ್ಟಿಗೆ ಎಡಕ್ಕೆ ತಿರುಗಿದವು. ಕತ್ತಿನ ಹಿಂದೆ ಮೈ, ಮೈ ಹಿಂದೆ ಸುತ್ತು. ಸುತ್ತು ಜಾರುತ್ತ ಜಾರುತ್ತ ಪರದೆಯತ್ತ ಸರಿದು, ಪ್ರೇಕ್ಷಕರಿಗೆ ಬೆನ್ನು ಹಾಕಿ, ಅಭಿನಯಾಳನ್ನು ಗೋಡೆಗೆ ಒತ್ತಿ ನಿಂತಿತು. ಸಭೆಯಲ್ಲಿ ನಗು ಎದ್ದಿತು.

"ಕಾಳಿನ ಡಬ್ಬಿ ಸದ್ದು ಕೇಳಿದ ಕೋಳಿ ಥರ ಓಡಿದ್ವಲ್ಲೇ!" ಎಂದು ತಂಡದ ಮಲ್ಲಿಗಾ ಪರದೆಯ ಹಿಂದೆ ತಲೆ ಚಚ್ಚಿಕೊಂಡಳು. ಯಾರೂ ನಗಲಿಲ್ಲ.

ಅಂದು ಸಂಜೆ ಇಳಂಗೋ ತೀರ್ಮಾನ ಹೇಳಿದ. ಕಥೆ ಸಾಗುವ ಹಾಡುಗಳಿಗೆಲ್ಲ ಕಾಲೇಜಿನ ನೃತ್ಯ ತಂಡ. ಕೊನೆಯ ಒಂದು ಹಾಡಿಗೆ ಮಾತ್ರ ಊರಿನ ಕುಮ್ಮಿ, ಟೀಚರ್ ಮಧ್ಯದಲ್ಲೇ ನಿಲ್ಲಬಹುದು. ಅವನ ಮಾತಿನಲ್ಲಿ ಅವಮಾನವಿರಲಿಲ್ಲ, ಇದ್ದದ್ದು ಲೆಕ್ಕಾಚಾರ. ಗೋಕಿಲಾ ಆಡಿ ಮುಗಿಯುವವರೆಗೆ ಸಮಯ ಕೇಳಿದಳು. ಅಷ್ಟರೊಳಗೆ ಸುತ್ತು ಸರಿಹೋಗದಿದ್ದರೆ ಅವರು ಹೇಳಿದಂತೆಯೇ ಆಗಲಿ ಎಂದಳು.

ಮನೆಗೆ ಬಂದು ಅನ್ನದ ತಟ್ಟೆ ಮುಂದಿಟ್ಟುಕೊಂಡು ಕೂತಳು. ರಾಮಾತಾಳ್ ಎದುರು ಕೂತು ವೀಳ್ಯಕ್ಕೆ ಸುಣ್ಣ ಹಚ್ಚುತ್ತಿದ್ದಳು.

"ಯಾರ್ನ ನೋಡ್ಕೊಂಡು ಕುಣೀತಾರೆ ಅತ್ತೆ ಇವರು? ನಾನಿಲ್ದೆ ಇದ್ರೆ ಕಣ್ಣಿಡೋಕೆ ಜಾಗಾನೇ ಇಲ್ಲ."

"ಏನಮ್ಮಿಣಿ, ಕಂಪನೀಲಿ ಸೂಪರ್‌ವೈಸರ್ ಟೀಗೆ ಎದ್ದೋದ್ರೆ ಲೈನ್ ನಿಲ್ತದಾ?"

"ಅದು ಬೇರೆ, ಇದು ಬೇರೆ."

"ನಾ ಕೈಮಡಿ ವೇಲೆ ಮಾಡ್ದವಳು ಅಮ್ಮಿಣಿ, ನಂಗೆ ಏಳ್ಬ್ಯಾಡ. ಮುಂದಿರೋಳ ಕೈ ನೋಡ್ತಿದ್ದೆ, ಅಷ್ಟೇ. ಸೂಪರ್‌ವೈಸರ್ ಮೂತಿ ಯಾರ್ ನೋಡ್ತಾರೆ? ನೋಡೋ ಅಂಗೂ ಇರ್ಲಿಲ್ಲ."

ಕೈಮಡಿ ಎಂದರೆ ಟೈಲರಿನ ಪಕ್ಕದಲ್ಲಿದ್ದು ಬಟ್ಟೆ ಮಡಿಸಿ ಕೊಡುವ ಕೆಲಸ. ಹೊಲಿಗೆಯ ಲೈನಿನಲ್ಲಿ ಒಬ್ಬಳು ಭುಜ ಕೂಡಿಸುತ್ತಾಳೆ, ಮುಂದಿನವಳು ತೋಳು ಹಚ್ಚುತ್ತಾಳೆ, ಅದರ ಮುಂದಿನವಳು ಅಂಚು ಮಡಿಸುತ್ತಾಳೆ. ಒಬ್ಬಳಿಗೆ ತಡವಾದರೆ ಹಿಂದಿನವಳು ಬಟ್ಟೆಯನ್ನು ಇನ್ನೊಮ್ಮೆ ಸವರಿ, ಮಡಿಕೆಯನ್ನು ಇನ್ನೊಮ್ಮೆ ಒತ್ತಿ ಆ ಗಳಿಗೆ ತುಂಬುತ್ತಾಳೆ. ಯಾರೂ ಹೇಳಿಕೊಡುವುದಿಲ್ಲ. ತಂಡದಲ್ಲಿ ಇದು ಗೊತ್ತಿಲ್ಲದವರು ಕಡಿಮೆ. ಗೋಕಿಲಾಳಿಗೂ ಗೊತ್ತಿತ್ತು. ಬಯಲಿಗೆ ಬರುವಾಗ ಎಲ್ಲರೂ ಅದನ್ನು ವ್ಯಾನಿನಲ್ಲೇ ಬಿಟ್ಟು ಬರುತ್ತಿದ್ದರು.

ಮುಂದಿನ ಭಾನುವಾರ ಅವಳು ಸುತ್ತಿನೊಳಗೆ ಹೋಗಲಿಲ್ಲ. ಗುಡಿಯ ಕಟ್ಟೆಯ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂತಳು. ಹಾಡು ಮೋಹನ್‌ರಾಜನ ಸ್ಪೀಕರಿನಿಂದ.

"ನನ್ನ ನೋಡಬೇಡಿ. ಮುಂದಿರೋಳ ಕೈ ನೋಡಿ. ಅವಳು ಎತ್ತಿದ್ರೆ ಎತ್ತಿ, ನಿಂತ್ರೆ ನಿಲ್ಲಿ."

"ಟೀಚರಕ್ಕಾ, ನಮ್ಮೇಲೆ ಕೋಪಾನಾ?"

"ಮುಂದಿರೋಳು ತಪ್ಪಿದ್ರೆ?" ಎಂದು ಇನ್ನೊಬ್ಬಳು ಕೇಳಿದಳು.

"ಅವಳ ಜೊತೆ ನೀನೂ ತಪ್ಪು!" ಎಂದಳು ಗೋಕಿಲಾ.

"ಹಂಗಾದ್ರೆ ನಾನು ಮಲ್ಲಿಗಾ ಹಿಂದೆ ನಿಲ್ಲಲ್ಲಪ್ಪ!" ಎಂದು ಯಾರೋ ಕೂಗಿದರು. ಕೊನೆಗೆ ಆ ಜಾಗಕ್ಕೆ ರಾಮಾತಾಳೇ ಹೋಗಿ ನಿಂತಳು.

ಮೊದಲ ಸಂಜೆ ಸುತ್ತು ಹರಿದುಹೋಯಿತು. ಎರಡನೆಯ ವಾರವೂ ಅಷ್ಟೇ. ತಪ್ಪು ಹೆಜ್ಜೆಯ ಸದ್ದು ಬೆನ್ನಿಗೇ ಗೊತ್ತಾಗುತ್ತಿತ್ತು. ಗೋಕಿಲಾಳ ಬಾಯಿ ತಾನಾಗಿಯೇ ತೆರೆಯುತ್ತಿತ್ತು. ಕೂಗದಿರಲೆಂದು ಅವಳು ಮಡಿಲಲ್ಲಿ ಹುರಿದ ಕಡಲೆಕಾಯಿ ಇಟ್ಟುಕೊಂಡು ಅಗಿಯುತ್ತ ಕೂತಳು. ಕೂಗಬೇಕೆನಿಸಿದಾಗಲೆಲ್ಲ ಒಂದು ಬೀಜ. ಊರಿನವರು ಇದನ್ನು ನೋಡಿ, ಟೀಚರಕ್ಕನಿಗೆ ಈಗ ಕಲಿಸುವುದಕ್ಕಿಂತ ತಿನ್ನುವುದರ ಮೇಲೇ ಗಮನ ಎಂದು ಆಡಿಕೊಂಡರು.

ಆಡಿಯ ಕೊನೆಯ ಭಾನುವಾರ ಇಳಂಗೋ ಬಂದು ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕೂತ, ಅವನು ಮಾತ್ರ ಬಯಲಿನತ್ತ ಮುಖ ಮಾಡಿ. ಸೈರನ್ನಿನ ಹಾಡು ಶುರುವಾಯಿತು. ಗೋಕಿಲಾ ರಸ್ತೆಯಲ್ಲಿ ಹೋಗುವ ಬೈಕುಗಳನ್ನು ನೋಡುತ್ತಿದ್ದಳು. ಕೈತಟ್ಟು ಒಂದರ ಹಿಂದೆ ಒಂದು ಅಲೆಯಂತೆ ಸುತ್ತು ಹೊಡೆದು ಬರುತ್ತಿತ್ತು, ಎಲ್ಲರದೂ ಒಟ್ಟಿಗಲ್ಲ, ಒಬ್ಬಳಿಂದ ಒಬ್ಬಳಿಗೆ. ಹಾಡು ಮುಗಿಯುವವರೆಗೂ ಅದು ಎಲ್ಲೂ ತುಂಡಾಗಲಿಲ್ಲ. ಇಳಂಗೋ ಎದ್ದು ನಿಂತು, "ಕಾಲೇಜಿನವರಿಗೆ ಫೋನ್ ಮಾಡಿ ಬೇಡ ಅಂತೀನಿ ಅಮ್ಮಾ," ಎಂದ. ಅವಳು ತಲೆಯಾಡಿಸಿದಳು. ಹೆಂಗಸರು ಕೇಕೆ ಹಾಕಿದರು. ಖುಷಿಯ ಜೊತೆಗೆ, ತನ್ನ ದನಿ ಇಲ್ಲದೆಯೂ ಅದು ನಡೆದುಬಿಟ್ಟಿತಲ್ಲ ಎಂಬ ಸಣ್ಣ ನೋವು ಅವಳಿಗೆ ಆಗದೆ ಇರಲಿಲ್ಲ.

ಮುಂದಿನ ತಿಂಗಳು, ಆವಣಿಯಲ್ಲಿ, ತಿರುಪ್ಪೂರಿನ ದೊಡ್ಡ ಸಭಾಂಗಣದಲ್ಲಿ ಪ್ರದರ್ಶನ. ಬಾಗಿಲಲ್ಲಿ ನಿಂತು ನೋಡುವಷ್ಟು ಜನ, ಹೆಚ್ಚಿನವರು ಕಂಪನಿಗಳವರೇ. ಗೋಕಿಲಾ ಪರದೆಯ ಹಿಂದೆ ಇರಲಿಲ್ಲ. ಇದ್ದರೆ ಕತ್ತುಗಳು ತಿರುಗುತ್ತವೆ ಎಂದು ಅವಳೇ ಬೇಡವೆಂದು ಸಭೆಯ ನಡುವಿನ ಸಾಲಿನಲ್ಲಿ ಕೂತಿದ್ದಳು.

ದೀಪ ಬಂದಾಗ ಅವಳು ತನ್ನ ತಂಡವನ್ನೇ ಗುರುತಿಸಲಾರದವಳಂತೆ ನೋಡಿದಳು. ಇಷ್ಟು ವರ್ಷ ಒಳಗೆ ನಿಂತು ಅವಳು ಕಂಡದ್ದು ಮುಖಗಳನ್ನು ಮಾತ್ರ. ಹೊರಗಿನಿಂದ ಕುಮ್ಮಿ ಬೇರೆಯೇ ಇತ್ತು. ಬಾಗಿ ಏಳುವ ಬೆನ್ನುಗಳು, ಒಟ್ಟಿಗೆ ಹಾರುವ ಜಡೆಯ ಮಲ್ಲಿಗೆ, ಸುತ್ತು ಅಗಲವಾದಾಗ ನಡುವೆ ತೆರೆದುಕೊಳ್ಳುವ ಬಯಲು, ಆ ಬಯಲಿನಲ್ಲಿ ಒಬ್ಬಳೇ ಹುಡುಗಿ. ಮಷಿನ್ ಹಾಡಿಗೆ ಇಡೀ ಸುತ್ತು ಪೆಡಲ್ ತುಳಿದಾಗ ಸಭೆಯಲ್ಲಿ ಕೂತವರ ಪಾದಗಳೂ ನೆಲ ಒತ್ತಿದವು. ಬಸ್ಸಿನ ಹಾಡಿಗೆ ಸಾಲುಗಳು ವಾಲಿದಾಗ ಅವಳ ಪಕ್ಕದ ಕುರ್ಚಿಯ ಹೆಂಗಸು ತಾನೂ ವಾಲಿ, "ಅಯ್ಯೋ, ನಮ್ಮ ಬಸ್ಸೇ!" ಎಂದಳು.

ಸಂಬಳದ ಹಾಡಿನ ಕೊನೆಯ ಸುತ್ತಿನಲ್ಲಿ, ವೇಗ ಏರಿದ್ದಾಗ, ಮಲ್ಲಿಗಾ ತಿರುಗಬೇಕಾದ ಕಡೆ ತಿರುಗಲಿಲ್ಲ. ಚೆಕ್ಕಿಂಗ್ ಮೇಜಿನಲ್ಲಿ ಪಳಗಿದ ಕಣ್ಣಿಗೆ ಅದು ತಕ್ಷಣ ಕಂಡಿತು. ಗೋಕಿಲಾ ಎದ್ದು ನಿಂತಿದ್ದಳು. ಬಾಯಿ ತೆರೆದಿತ್ತು, ಮಡಿಲಲ್ಲಿ ಕಡಲೆಕಾಯಿ ಇರಲಿಲ್ಲ. ಆದರೆ ಅವಳು ಕೂಗುವ ಮೊದಲೇ ಮಲ್ಲಿಗಾಳ ಹಿಂದಿದ್ದ ರಾಮಾತಾಳ್ ಒಂದು ಕೈತಟ್ಟನ್ನು ಗಾಳಿಯಲ್ಲೇ ಉದ್ದ ಮಾಡಿ ತಡೆದಳು. ಅವಳ ಹಿಂದಿನವಳೂ ತಡೆದಳು, ಅದರ ಹಿಂದಿನವಳೂ. ಮಲ್ಲಿಗಾ ತಿರುಗಿಕೊಂಡಳು. ತಡೆ ಸುತ್ತೆಲ್ಲ ಹಾದು, ಒಂದು ಹೊಸ ಹೆಜ್ಜೆಯಂತೆ ಕಂಡು, ಕರಗಿತು. ಸಭೆ ಅದಕ್ಕೇ ಚಪ್ಪಾಳೆ ತಟ್ಟಿತು. ಗೋಕಿಲಾ ಕೂತುಕೊಂಡಳು.

ಪರದೆ ಬಿದ್ದ ಮೇಲೆ ಹಿಂದಕ್ಕೆ ಹೋದಾಗ ರಾಮಾತಾಳ್ ಗೆಜ್ಜೆ ಬಿಚ್ಚುತ್ತ ನೆಲದ ಮೇಲೆ ಕೂತಿದ್ದಳು.

"ಸೊಸೆ ಎದ್ದು ನಿಂತಿದ್ಲು. ನಾ ಕಂಡೆ."

"ಮಲ್ಲಿಗಾ ತಪ್ಪಿದಳಲ್ಲ ಅತ್ತೆ, ಅದ್ಕೆ."

"ಯಾವಾಗ? ನನ್ನ ಮುಂದೇನೇ ಇದ್ಲು. ನಂಗೇನೂ ಗೊತ್ತಾಗ್ಲಿಲ್ಲ."

ಗೋಕಿಲಾ ಪಕ್ಕದಲ್ಲಿ ಕೂತು ಇನ್ನೊಂದು ಕಾಲಿನ ಗೆಜ್ಜೆಯ ಗಂಟು ಬಿಚ್ಚತೊಡಗಿದಳು.

"ಕೆಳಗೆ ಕೂತ್ರೆ ಎಂಗಿತ್ತು?" ಎಂದು ರಾಮಾತಾಳ್ ಕೇಳಿದಳು.

"ಹೇಳೋಕೆ ಬರಲ್ಲ ಅತ್ತೆ. ಅಷ್ಟು ಚೆಂದ."

"ಅಂಗಾರೆ ಮುಂದಿನ ಸಲ ನಾ ಕೆಳಗೆ ಕೂತು ನೋಡ್ತೀನಿ. ನನ್ನ ಜಾಗ ನೀ ಕುಣಿ," ಎಂದು ರಾಮಾತಾಳ್ ಬಿಚ್ಚಿದ ಗೆಜ್ಜೆಯನ್ನು ಸೊಸೆಯ ಮಡಿಲಿಗೆ ಹಾಕಿದಳು. "ಮಲ್ಲಿಗಾ ಹಿಂದೆ. ಉಷಾರು!"