ಹುಣಸೆಹಣ್ಣಿನ ಕಿವಿಯ ವಸ್ತಾದರು

ನಮ್ಮ ವಸ್ತಾದರ ಬಲಗಿವಿ ಬೀಜ ತೆಗೆದ ಹುಣಸೆಹಣ್ಣಿನ ಹಾಗೆ ಮುದುಡಿಕೊಂಡಿತ್ತು. ಕುಸ್ತಿಯಲ್ಲಿ ಎದುರಾಳಿಗಳ ತಲೆ ಉಜ್ಜಿ ಉಜ್ಜಿ ಆದದ್ದು. ಅದನ್ನು ನಕಲು ಮಾಡಲು ನಿಜವಾದ ಹುಣಸೆಹಣ್ಣನ್ನೇ ಕಿವಿಗೆ ಮೆತ್ತಿಕೊಂಡ ಮಂಗ ನಾನು. ಇರುವೆ ಕಚ್ಚಿದ್ದೂ ನನಗೇ.

ದೊಡ್ಡಬಳ್ಳಾಪುರದ ನಮ್ಮ ಗರಡಿಯಲ್ಲಿ ಅವರು ಸಾಮು ಕಲಿಸುತ್ತಿದ್ದರು. ನಾವು ಹನುಮಂತನ ಪಟಕ್ಕೆ ಹೂವೇರಿಸುವವರೆಗೆ ತಾವು ಕೈಕಟ್ಟಿ ನಿಂತಿದ್ದು, ಆಮೇಲೆ "ಬಿಸ್ಮಿಲ್ಲಾ" ಎಂದು ಮಣ್ಣು ಮುಟ್ಟಿ ಗುಂಡಿಗೆ ಇಳಿಯುವರು. ಜೋಡಿ ಕುಸ್ತಿಗೆ ತಯಾರಾದವನಿಗೆ ಕೈಯಾರೆ ಒಂದು ಕೆಂಪು ಕಾಚ ಕೊಡುವರು. ಅದಕ್ಕಾಗಿ ನಾನು ಮಣ್ಣು ಅಗೆದೆ, ಮಜ್ಜಿಗೆ ಸುರಿದು ಹದ ಮಾಡಿದೆ, ದಂಡ ಹೊಡೆದೆ. ನಮ್ಮದು ನೇಕಾರರ ಮನೆ. "ಮಗ್ಗದ ಗುಂಡಿಗೆ ಇಳಿ ಅಂದ್ರೆ ಸೊಂಟನೋವು, ಗರಡಿ ಗುಂಡಿಗಾದ್ರೆ ಕುಣ್ಕೊಂಡು ಹೋಗ್ತೀಯಾ" ಎಂದು ಅವ್ವ ಬಯ್ಯುವಳು. ಕಾಚ ಮಾತ್ರ ಬರಲಿಲ್ಲ. ಕೇಳಿದರೆ ವಸ್ತಾದರು, "ಬಾಯಿಗಾದ್ರೆ ಇವತ್ತೇ ಕಟ್ತೀನಿ ಬೇಟಾ" ಅನ್ನುವರು.

ಒಂದು ಬೆಳಿಗ್ಗೆ ಹುಡುಗರನ್ನು ನಗಿಸಲು ವಸ್ತಾದರ ಹಾಗೆ ಎದೆ ಉಬ್ಬಿಸಿ, ಗಿರಕ್ಕನೆ ತಿರುಗಿ ಫಟ್ಟೆಂದು ತೊಡೆ ತಟ್ಟಿದೆ. ಬಾಗಿಲಲ್ಲಿ ಜಡಿಗೇನಹಳ್ಳಿಯ ಪೈಲ್ವಾನನೊಬ್ಬ ನಿಂತಿದ್ದ, ಗರಡಿ ನೋಡಲು ಬಂದವನು. ಗರಡಿಯಲ್ಲಿ ಒಬ್ಬನೆದುರು ತೊಡೆ ತಟ್ಟಿದರೆ ಅವನನ್ನು ಕುಸ್ತಿಗೆ ಕರೆದಂತೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಾನೂ ತೊಡೆ ತಟ್ಟಿ, "ಯುಗಾದಿಗೆ ಬರ್ತೀನಿ" ಎಂದು ಹೊರಟ.

"ನಾನು ನಿಮ್ಮನ್ನ ಮಾಡಿ ತೋರಿಸ್ತಿದ್ದೆ ವಸ್ತಾದ್!" ಎಂದು, ಒಳಗಿನಿಂದ ಎಲ್ಲ ನೋಡಿದ್ದ ವಸ್ತಾದರ ಮುಂದೆ ಗೋಗರೆದೆ.

"ತೊಡೆ ನಿಂದು, ಕೈ ನಿಂದು. ಸದ್ದು ಮಾತ್ರ ನಂದಾ? ಓಡಿಹೋಗಿ ತಪ್ಪಾಯ್ತು ಅನ್ನು, ಬಿಟ್ಬಿಡ್ತಾನೆ. ಆದ್ರೆ ಆಮೇಲೆ ಕೆಂಪು ಕಾಚದ ಮಾತು ಎತ್ಬೇಡ."

"ಆಡ್ತೀನಿ" ಎಂದೆ. ಆ ದನಿ ಯಾರ ನಕಲೂ ಅಲ್ಲ, ನನ್ನದೇ, ಸ್ವಲ್ಪ ಕೀರಲು.

ಮರುದಿನ ವಸ್ತಾದರು ಒಂದು ಹೆಗಲು ಇಳಿಸಿ, ಎಡಗಾಲು ತುಸು ಎಳೆಯುತ್ತ ಗುಂಡಿಯಲ್ಲಿ ಒಂದು ಸುತ್ತು ಬಂದರು. ಸಾಕ್ಷಾತ್ ಆ ಪೈಲ್ವಾನನೇ! ಅವನು ಬೆನ್ನು ತಿರುಗಿಸಿ ಹೋದಷ್ಟು ಹೊತ್ತಿನಲ್ಲೇ ಅವನನ್ನು ಪೂರ್ತಿ ಕದ್ದಿಟ್ಟುಕೊಂಡಿದ್ದರು.

"ನೀನು ನನ್ ಕಿವಿ ನೋಡ್ದೆ. ಕಾಲು ನೋಡೋದು ಕಲಿ. ಮನುಷ್ಯ ಬೀಳೋದು ಕಿವಿಯಿಂದ ಅಲ್ಲ."

ಯುಗಾದಿಯವರೆಗೆ ದಿನಾ ಅವರು ಅವನಾಗುವರು, ನಾನು ಬೀಳುವೆ, ಬಾಯಿಯ ಮಣ್ಣು ಉಗಿದು ಏಳುವೆ. ವಸ್ತಾದರು ತೀರಿಕೊಂಡು ಈಗ ವರ್ಷವಾಯಿತು. ಊರಲ್ಲಿ ಯಾರನ್ನು ಬೇಕಾದರೂ ಮಾಡಿ ತೋರಿಸುತ್ತೇನೆ; ಅವರದು ಮಾತ್ರ ಕಿವಿಯವರೆಗೆ ಬರುತ್ತದೆ, ಆ ಕಣ್ಣು ಬರುವುದಿಲ್ಲ.

ಆ ಯುಗಾದಿಯ ದಿನ ಪೈಲ್ವಾನ ನನ್ನನ್ನು ಎತ್ತಿದ, ಕುಕ್ಕಿದ, ಬೋರಲು ಕೆಡವಿ ಮೇಲೆ ಕೂತ. ಹಲ್ಲಿಯ ಹಾಗೆ ಮಣ್ಣಿಗೆ ಕಚ್ಚಿಕೊಂಡೆನೇ ಹೊರತು ಬೆನ್ನು ಮಣ್ಣಿಗೆ ತಾಗಿ ಸೋಲಲು ಬಿಡಲಿಲ್ಲ. ಹೇಗೋ ಎದ್ದು, ಆ ಎಡಗಾಲಿಗಾಗಿ ಕಾದೆ. ಅವನು ಅದನ್ನು ಎಳೆದ, ಹಿಡಿದೆ. ಗರಡಿಯೆಲ್ಲ ಹೋ ಎನ್ನುವಂತೆ ಅವನು ಮಂಡಿಯೂರಿದ. ಕೊನೆಗೆ, ಇಬ್ಬರಿಗೂ ಉಸಿರು ಉಳಿದಿರದಿದ್ದಾಗ, ನನ್ನನ್ನು ಅಂಗಾತ ಕೆಡವಿ ಗೆದ್ದ.

ವಸ್ತಾದರು ಬಂದು ನನ್ನ ಹೆಗಲ ಮೇಲೆ ಕೆಂಪು ಕಾಚ ಹಾಕಿದರು. ಹಿರಿಯ ಶಿಷ್ಯನೊಬ್ಬನಿಗೆ ತಡೆಯಲಾಗಲಿಲ್ಲ. "ಇದೇನ್ ವಸ್ತಾದ್, ಸೋತೋನಿಗೆ ಕೆಂಪು ಕಾಚಾನಾ?"

"ಗೆದ್ದೋನನ್ನ ಕೇಳು ಹೋಗು, ನಾಳೆ ಇವನ ಜೊತೆ ಇನ್ನೊಂದು ಜೋಡಿ ಆಡ್ತಾನಾ ಅಂತ."

ಮೂಲೆಯಲ್ಲಿ ಮಂಡಿ ತಿಕ್ಕಿಕೊಳ್ಳುತ್ತಿದ್ದ ಪೈಲ್ವಾನ ತಲೆಯನ್ನೂ ಎತ್ತಲಿಲ್ಲ. "ಈ ವರ್ಸ ಬ್ಯಾಡ ಸಾಬ್ರೇ" ಎಂದ.