ಅವೆರೊ ಎಂಬುವಳಿಗೆ ಒಬ್ಬ ಸಾಕ್ಷಿ

ಇಬಾದಾನಿನ ಮೀನುಪೇಟೆಯಲ್ಲಿ ಹೆಂಗಸಿಗೆ ಮಗು ಹುಟ್ಟಿತೆಂದರೆ ಅವಳ ಹೆಸರು ತೀರಿಕೊಂಡಂತೆ. ಅಲ್ಲಿಂದಾಚೆ ಮಗುವಿನ ಹೆಸರೇ ಅವಳಿಗೂ: ಇಯಾ ಲೆಕಾನ್ ಅಂದರೆ ಲೆಕಾನನ ಅವ್ವ. ಈ ಇಯಾ ಲೆಕಾನಳ ಸ್ವಂತ ಹೆಸರಿಗೆ ಮೂವತ್ತೆಂಟು ವರ್ಷದಲ್ಲಿ ಎಷ್ಟು ತುಕ್ಕು ಹಿಡಿದಿತ್ತೆಂದರೆ, ಗಂಡ ಸಾಯುವಾಗ ಅದನ್ನು ಹಿಡಿದು ಕರೆಯಲು ಹೋಗಿ, ನೆನಪಾಗದೆ, ಇನ್ನೆರಡು ದಿನ ಬದುಕಿದ.

ಹಾಗಾಗಿ ವಿಮೆಯವನು ಅವಳ ಮೀನಂಗಡಿಗೆ ಬಂದು ಹೆಸರು ಕೇಳಿದಾಗ ಆಕೆ ಇಯಾ ಲೆಕಾನ್ ಎಂದಳು. ಅವನೂ ಅದೇ ಪೇಟೆಯವನು, ಹಾಗೆಯೇ ಬರೆದುಕೊಂಡ. ಮೂರು ವರ್ಷ ತಪ್ಪದೆ ಕಂತು ಕಟ್ಟಿದಳು. ಆಮೇಲೊಂದು ಮಧ್ಯಾಹ್ನ, ಹೋಗಿದ್ದ ಕರೆಂಟು ಸಿಟ್ಟು ಮಾಡಿಕೊಂಡು ವಾಪಸು ಬಂದು ಮೂರು ಫ್ರೀಜರನ್ನೂ ಅಂಗಡಿಯ ಸೂರನ್ನೂ ಸುಟ್ಟಿತು. ಬೆಂದ ಮೀನಿನ ವಾಸನೆಗೆ ದೂರದ ಲಾಗೋಸಿನ ಬೆಕ್ಕುಗಳೆಲ್ಲ ಬಸ್ಸು ಹತ್ತಿದವು.

ವಿಮೆ ಕಚೇರಿಯ ಅಧಿಕಾರಿ ಕಾಗದ ತಿರುವಿದ.

“ಅಮ್ಮಾ, ನಿಮ್ಮ ಗುರುತುಚೀಟೀಲಿ ಅವೆರೊ ಅಂತಿದೆ, ಪಾಲಿಸೀಲಿ ಇಯಾ ಲೆಕಾನ್. ಇಬ್ರೂ ಒಬ್ಬರೇ ಅಂತ ಹೇಳೋರು ಬೇಕು. ಮನೆಯವರು ಬೇಡ, ಪೇಟೆಯವರು.”

ಪೇಟೆಯವರನ್ನು ಕೇಳಿದಳು. ಇಪ್ಪತ್ತು ವರ್ಷ ಪಕ್ಕದಲ್ಲೇ ಕೂತಿದ್ದ ಈರುಳ್ಳಿಯವಳು, “ಅವೆರೊನಾ? ಯಾವಾಗ ಸತ್ಲು, ಪಾಪ?” ಎಂದಳು.

ಉಳಿದವಳು ಒಬ್ಬಳೇ: ಎದುರು ಸಾಲಿನ ಇಯಾ ಕಾಫಾಯತ್. ಹುಟ್ಟಿದ ಓಣಿಯೂ ಒಂದೇ, ಹಿಡಿದ ವ್ಯಾಪಾರವೂ ಒಂದೇ. ಯಾವುದೋ ಗಿರಾಕಿಯ ಜಗಳದಿಂದೀಚೆ ಅವಳು, ಇವಳೊಬ್ಬಳೇ ಸಿಕ್ಕಾಗ, ಬೇಕೆಂದೇ ಅವೆರೊ ಅಂತ ಬರೀ ಹೆಸರು ಹಿಡಿದು ಕರೆಯುತ್ತಿದ್ದಳು. ಮಕ್ಕಳ ತಾಯಿಗೆ ಅದಕ್ಕಿಂತ ದೊಡ್ಡ ಅವಮಾನ ಆ ಪೇಟೆಯಲ್ಲಿಲ್ಲ. ಅವಳ ಮುಂದೆ ಮಂಡಿಯೂರಿ ಬೇಡಿದ್ದಾಯಿತು.

ಮರುದಿನ ಕಚೇರಿಯಲ್ಲಿ ಅಧಿಕಾರಿ ಕೇಳಿದ: “ಇವರ ಹೆಸರೇನು?”

“ಇಯಾ ಲೆಕಾನ್,” ಎಂದಳು ಇಯಾ ಕಾಫಾಯತ್, ಕಣ್ಣೊರೆಸಿಕೊಂಡು.

“ಸ್ವಂತ ಹೆಸರು?”

“ಅಂಗಡಿ ಸುಟ್ಟುಕೊಂಡವಳನ್ನ ಬರೀ ಹೆಸರಲ್ಲಿ ಕರೆಯೋಕೆ ನಾನೇನು ಮೃಗವಾ, ಸ್ವಾಮಿ?”

ಅಧಿಕಾರಿ ಕಡತ ಮುಚ್ಚತೊಡಗಿದ. ಮೂರು ಫ್ರೀಜರೂ ಸೂರೂ ಅದರೊಳಗೇ ಮುಚ್ಚಿಹೋಗುತ್ತಿದ್ದವು. ಇಯಾ ಲೆಕಾನ್ ಸಾಕ್ಷಿಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

“ಬರ್ತಾ ನಿನ್ನ ಮೀನು ನೋಡಿದೆ. ನೊಣಾನೂ ಮೂಗು ಮುಚ್ಕೊಂಡು ಕೂತಿತ್ತು.”

“ಏನಂದೆ ಅವೆರೊ? ಲೇ ಅವೆರೊ, ಮದುವೆ ದಿನ ಅನ್ನ ಸೀಸಿದ ಅವೆರೊ, ನನ್ನ ಮೀನಿಗೆ ಹೆಸರಿಡ್ತೀಯಾ?”

“ಇನ್ನೊಂದ್ಸಲ, ನಿಧಾನವಾಗಿ,” ಎಂದ ಅಧಿಕಾರಿ, ಬರೆಯುತ್ತ.

“ನೂರು ಸಲ ಬೇಕಾದ್ರೂ ಅಂತೀನಿ.”

ಅಂದಳು ಕೂಡ, ಮೊಹರು ಬಿದ್ದರೂ ನಿಲ್ಲಿಸಲಿಲ್ಲ, ಮೆಟ್ಟಿಲಿಳಿಯುವಾಗಲೂ ನಿಲ್ಲಿಸಲಿಲ್ಲ. ಆರನೆಯ ವಾರಕ್ಕೆ ವಿಮೆಯ ದುಡ್ಡು ಬಂದು ಸೂರು ಎದ್ದಿತು. ಬೈಗುಳ ಇನ್ನೂ ಬರುತ್ತಿದೆ.